ಗೋಣಿತಾಟಿನ ಕಿಟಕಿ

ಡಾ. ಶ್ರೀದೇವಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂದು ವಿಶ್ವವಿದ್ಯಾಲಯದ ಜವಾನನಿಂದ ಹಿಡಿದು ಕುಲಸಚಿವರವರೆಗೆ ಎಲ್ಲರೂ ಹೇಳುತ್ತಿದ್ದರು. ಹೇಳಲಿ ಬಿಡಿ. ಆ ಸಿಟ್ಟು ಎಲ್ಲಿಂದ ಬಂತು ಎಂದು ಅವರಲ್ಲಿ ಒಬ್ಬನಾದರೂ ಕೇಳಿದ್ದನೇ? ಗೃಹವಿಜ್ಞಾನ ಓದಿದವಳೆಂದರೆ ಉಪ್ಪಿನಕಾಯಿ ಹಾಕಲು ಕಲಿಸುವವಳು ಎಂದುಕೊಂಡ ಗಂಡಸರ ನಡುವೆ ಅರ್ಧ ಆಯುಷ್ಯ ಕಳೆದರೆ ಎಂಥ ಸಾಧು ಎತ್ತಿಗೂ ಕೋಡು ಬೀಸಬೇಕೆನಿಸುತ್ತದೆ. ಶ್ರೀದೇವಿ ಮೊದಲೇ ಸಾಧುವಲ್ಲ, ಬ್ಯಾಡಗಿಯ ಮೆಣಸಿನಕಾಯಿ ದಲಾಲಿ ಕರಬಸಪ್ಪನ ಮಗಳು.

ಎರಡು ಸಾವಿರದ ಮೂರನೆಯ ಇಸವಿಯಲ್ಲಿ ಮನೆ ಸುಧಾರಣೆಯ ಸಂಶೋಧನಾ ಯೋಜನೆಯೊಂದು ವಿಶ್ವವಿದ್ಯಾಲಯಕ್ಕೆ ಬಂತು. ಹೊಸ ಮನೆ ಕಟ್ಟುವುದಲ್ಲ, ಜನ ಇರುವ ಮನೆಯನ್ನೇ ಅಲ್ಲಿಷ್ಟು ಒಡೆದು ಇಲ್ಲಿಷ್ಟು ತಿದ್ದಿ ಬಾಳಲು ಬರುವಂತೆ ಮಾಡುವುದು ಹೇಗೆಂದು ಕಂಡುಹಿಡಿಯುವ ಕೆಲಸ. ಎಂಜಿನಿಯರಿಂಗ್ ಕಡೆಯವರು ಅದನ್ನು ಮುಟ್ಟಲಿಲ್ಲ. ಶಂಕುಸ್ಥಾಪನೆಯಿಲ್ಲ, ಉದ್ಘಾಟನೆಯಿಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿಸಿಕೊಳ್ಳಲು ಜಾಗವಿಲ್ಲ. ಅಡಿಗೆಮನೆ ಮೇಡಂ ನೋಡಿಕೊಳ್ಳಲಿ ಎಂದು ನಕ್ಕು ಅವಳ ಕಡೆ ನೂಕಿದರು. ಯೋಜನೆಯ ಮುಖ್ಯಸ್ಥೆಯಾದ ಶ್ರೀದೇವಿಗೆ ಸಿಕ್ಕಿದ್ದು ಹಾವೇರಿಯಲ್ಲಿ ಕೋರ್ಟಿನ ಹಿಂದಿನ ಒಂದು ಬಾಡಿಗೆ ಮಹಡಿ ಮತ್ತು ಶ್ವೇತಾ ಎಂಬ ಸಹಾಯಕಿ. ಕೆಳಗೆ ಟೈಪಿಸ್ಟರು ವಕೀಲರ ಕಾಗದ ಕುಟ್ಟುತ್ತಿದ್ದರೆ ಮೇಲೆ ಇವರಿಬ್ಬರು ಬಚ್ಚಲ ನೀರು ಯಾವ ಕಡೆ ಹರಿಯಬೇಕೆಂದು ನಕ್ಷೆ ಬರೆಯುತ್ತಿದ್ದರು. ಸಂಜೆಯ ಬಸ್ಸಿಗೆ ಶ್ರೀದೇವಿ ರಾಣೆಬೆನ್ನೂರಿನ ಮನೆಗೆ. ಅಲ್ಲಿ ಗಂಡ ಶಂಭುಲಿಂಗ, ಬೀಜದ ಅಂಗಡಿಯವನು, ಅವಳ ಮುಖ ನೋಡಿ ಇಂದು ಮಾತಾಡಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದ.

ಕೆಲಸ ಮಾತ್ರ ಚೆನ್ನಾಗಿ ನಡೆಯಿತು. ಕಾಗಿನೆಲೆಯ ಸುತ್ತಿನ ಹಳ್ಳಿಗಳಲ್ಲಿ ನಡುಮನೆಯೊಳಗಿದ್ದ, ದನ ಮೇವು ತಿನ್ನುವ ಗ್ವಾದಲಿ ಹಿತ್ತಿಲಿಗೆ ಹೋಯಿತು. ಅಡಿಗೆಮನೆಯ ಹೊಗೆ ಸೂರು ದಾಟಿ ಹೊರಬಿತ್ತು. ಆ ಮನೆಗಳ ಹೆಂಗಸರು ಬಸ್ಸಿನಲ್ಲಿ ಅವಳನ್ನು ಕಂಡರೆ ಸರಿದು ಜಾಗ ಕೊಡುತ್ತಿದ್ದರು, ಅದಕ್ಕಿಂತ ದೊಡ್ಡ ಪ್ರಶಸ್ತಿ ಅವಳಿಗೆ ಬೇಕಿರಲಿಲ್ಲ. ಸಿಟ್ಟು ಮಾಡಿಕೊಳ್ಳಲು ಕಾರಣವಿಲ್ಲದೆ ಎರಡು ವರ್ಷ ಕಳೆದದ್ದು ಅವಳಿಗೇ ಆಶ್ಚರ್ಯ.

ಆಮೇಲೆ ಅವಳು ಬ್ಯಾಡಗಿಗೆ ಬಂದಳು, ತನ್ನ ತವರಿಗೆ. ಮಾರುಕಟ್ಟೆಯ ಹಿಂದಿನ ಅಕ್ಕಪಕ್ಕದ ಎರಡು ಓಣಿಗಳನ್ನು ತಾನೇ ಹುಡುಕಿ ಯೋಜನೆಗೆ ಸೇರಿಸಿದಳು. ತಗ್ಗು ಹಂಚಿನ ಒಂದೂವರೆ ಕೋಣೆಯ ಮನೆಗಳು. ಒಂದು ಬಾಗಿಲು, ಕಿಟಕಿಯೇ ಇಲ್ಲ. ಸುಗ್ಗಿಯಲ್ಲಿ ವ್ಯಾಪಾರಿಗಳು ಕೈಗಾಡಿಯಲ್ಲಿ ಕಾಯಿಯ ಚೀಲ ಕಳಿಸುತ್ತಾರೆ. ಹೆಂಗಸರು ಅದನ್ನು ಮನೆಯೊಳಗೇ ಸುರಿದುಕೊಂಡು ತುಂಬು, ಅಂದರೆ ತೊಟ್ಟು, ತೆಗೆದು ವಾಪಸು ತುಂಬಿಸಿ ಕೊಡುತ್ತಾರೆ. ಕಾಯಿಯ ಪಕ್ಕದಲ್ಲೇ ಒಲೆ, ಒಲೆಯ ಪಕ್ಕದಲ್ಲೇ ಹಾಸಿಗೆ. ಮೆಣಸಿನಕಾಯಿ ಇಲ್ಲಿನ ಸಿರಿ ಎಂದು ಭಾಷಣ ಮಾಡುವವರು ಆ ಕೋಣೆಯಲ್ಲಿ ಒಂದು ಚಹ ಕುಡಿದು ಎದ್ದು ಬರಲಿ, ಆಮೇಲೆ ಭಾಷಣ ಕೇಳೋಣ.

ಮೊದಲ ಓಣಿಯ ಕೊನೆಯ ಮನೆ ಚಮನಬಿಯದು. ನಲವತ್ತರ ಹೆಂಗಸು, ನೋಡಲು ಅರವತ್ತು. ದಮ್ಮು ಹತ್ತಿ ವರ್ಷಗಳಾಗಿದ್ದವು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದಳು. ಕಾಯಿಯ ಧೂಳಿನಿಂದ ದೂರ ಇರದಿದ್ದರೆ ಜೀವ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಎಲ್ಲಿಗೆ ದೂರ ಹೋಗಬೇಕೆಂದು ಹೇಳಿರಲಿಲ್ಲ. ಅವಳ ಮನೆಯನ್ನು ನೋಡಿದ ದಿನವೇ ಶ್ರೀದೇವಿ ಹಟ ಹಿಡಿದಳು. ಮಳೆಗಾಲ ಮುಗಿಯುವುದರೊಳಗೆ ಎರಡೂ ಓಣಿಗಳ ಎಲ್ಲ ಮನೆಗಳಲ್ಲಿ ಎದುರುಬದುರು ಗೋಡೆ ಒಡೆಸಿ ಕಿಟಕಿ ಇಡಿಸಿದಳು. ಚಮನಬಿಯ ಮನೆಯಲ್ಲಿ ಈ ಕಡೆಯಿಂದ ಬಂದ ಗಾಳಿ ಆ ಕಡೆಯಿಂದ ಹೊರಟಿತು. ಒಂದು ವಾರ ಬಿಟ್ಟು ಹೋದಾಗ ಚಮನಬಿ ಅವಳ ಕೈ ಹಿಡಿದುಕೊಂಡು, ಈಗ ಮಲಗಿ ನಿದ್ದೆ ಮಾಡುತ್ತೇನೆ ಎಂದಳು. ಅಂದು ರಾಣೆಬೆನ್ನೂರಿನ ಬಸ್ಸಿನಲ್ಲಿ ಶ್ರೀದೇವಿ ಒಬ್ಬಳೇ ನಗುತ್ತ ಕೂತಿದ್ದಳು.

ಜನವರಿಯಲ್ಲಿ ಸುಗ್ಗಿ ಏರಿತು. ಯೋಜನೆಯನ್ನು ಪರಿಶೀಲಿಸುವ ಸಮಿತಿ ಬಂತು. ಸಮಿತಿಯ ಅಧ್ಯಕ್ಷರು ಧಾರವಾಡದ ನಿವೃತ್ತ ಎಂಜಿನಿಯರು, ಬಿಳಿ ಕರವಸ್ತ್ರದವರು. ಶ್ರೀದೇವಿ ಅವರನ್ನು ಹೆಮ್ಮೆಯಿಂದ ಚಮನಬಿಯ ಓಣಿಗೆ ಕರೆತಂದಳು. ಓಣಿಯ ತುದಿಯಲ್ಲಿ ನಿಂತು ನೋಡಿದರೆ ಒಂದು ಕಿಟಕಿಯೂ ಕಾಣಲಿಲ್ಲ. ಇದ್ದವು, ಆದರೆ ಪ್ರತಿಯೊಂದಕ್ಕೂ ಒದ್ದೆ ಗೋಣಿತಾಟು ತುರುಕಿತ್ತು. ಬಾಗಿಲುಗಳೂ ಮುಚ್ಚಿದ್ದವು. ಒಳಗಿನಿಂದ ಕೆಮ್ಮು ಕೇಳುತ್ತಿತ್ತು.

ಅಧ್ಯಕ್ಷರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ತೀರ್ಪು ಕೊಟ್ಟರು. ಈ ಜನರಿಗೆ ಗಾಳಿ ಬೆಳಕಿನ ಬೆಲೆ ಗೊತ್ತಿಲ್ಲ, ಇದು ಫಲಾನುಭವಿಗಳ ಅಜ್ಞಾನ. ಮಾರ್ಚಿನಲ್ಲಿ ಮತ್ತೆ ಬರುತ್ತೇವೆ, ಆಗಲೂ ಹೀಗೇ ಇದ್ದರೆ ಬ್ಯಾಡಗಿಯನ್ನು ಕೈಬಿಟ್ಟು ಹೆದ್ದಾರಿ ಪಕ್ಕದ ಊರೊಂದರಲ್ಲಿ ಅಡಿಗೆಮನೆಗೆ ಟೈಲ್ಸ್ ಹಾಕಿಸೋಣ, ಕಾರಿನಿಂದಲೇ ಕಾಣುತ್ತದೆ. ಇಷ್ಟು ಹೇಳಿ ಅವರು ಕಾರಿನೊಳಗೆ ಸೇರಿಕೊಂಡರು.

ಶ್ರೀದೇವಿಗೆ ಮೈಯೆಲ್ಲ ಉರಿಯಿತು. ಅಧ್ಯಕ್ಷರ ಮೇಲಿನ ಸಿಟ್ಟು ಅಧ್ಯಕ್ಷರ ಮೇಲೆ ಹಾಕಲು ಬರುವುದಿಲ್ಲವಲ್ಲ, ನೇರ ಚಮನಬಿಯ ಬಾಗಿಲು ತಳ್ಳಿ ಒಳಗೆ ಹೋದಳು. ನಿನ್ನ ಸಲುವಾಗಿ ಗೋಡೆ ಒಡೆಸಿದೆ, ನೀನು ಅದಕ್ಕೆ ಗೋಣಿ ತುರುಕಿ ನನ್ನ ಮರ್ಯಾದೆ ತೆಗೆದೆ, ಸಾಯುವ ಆಸೆಯಿದ್ದರೆ ನನ್ನನ್ನೇಕೆ ಕುಣಿಸಿದೆ ಎಂದು ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಚಮನಬಿ ಕಾಯಿಯ ರಾಶಿಯ ಮುಂದೆ ತಲೆ ತಗ್ಗಿಸಿ ಕೂತು ಕೆಮ್ಮಿದಳು. 

ಅಷ್ಟರಲ್ಲಿ ಹೊರಗೆ ಕೈಗಾಡಿ ಬಂದು ನಿಂತಿತು. ಅಂಗಡಿಯ ಗುಮಾಸ್ತನೊಬ್ಬ ಒಳಗೆ ಬಂದವನೇ ಮೊದಲು ಕಿಟಕಿಯ ಹತ್ತಿರ ಹೋಗಿ ಗೋಣಿತಾಟು ಒದ್ದೆಯಿದೆಯೇ ಎಂದು ಮುಟ್ಟಿ ನೋಡಿದ. ಆಮೇಲೆ ರಾಶಿಯಿಂದ ಒಂದು ಹಿಡಿ ಎತ್ತಿ ಮುರಿದ ಕಾಯಿಗಳಿವೆಯೇ ಎಂದು ಕೆದಕಿದ. ತಿರುಗಿದರೆ ಎದುರಿಗೆ ಶ್ರೀದೇವಿ. ಅವನು ಫಕ್ಕೀರೇಶ, ಅವಳ ಅಪ್ಪನ ಕಾಲದಿಂದ ಅವರ ಅಂಗಡಿಯಲ್ಲೇ ಇರುವವನು.

"ಅಕ್ಕಾರ, ನೀವೇನ್ರಿ ಇಲ್ಲಿ?" ಎಂದ.

ಕಿಟಕಿ ಯಾಕೆ ಮುಟ್ಟಿದೆ ಎಂದು ಅವಳು ಕೇಳಿದಳು. ಫಕ್ಕೀರೇಶ ಮುಚ್ಚುಮರೆಯಿಲ್ಲದೆ ಹೇಳಿದ, ಅವನಿಗೆ ಅದರಲ್ಲಿ ಮುಚ್ಚುವಂಥದ್ದೇನೂ ಕಾಣಲಿಲ್ಲ. "ನೀರ ಚುಮುಕಿಸಿ ಮೆತ್ತಗ ಮಾಡಿ ಕಳಸಿರತೇವ್ರಿ. ಗಾಳಿ ಬಡದ್ರ ಒಣಗಿ ಮುರೀತಾವು. ಮುರದ ಕಾಯಿ ಬಂದ ಮನೀಗೆ ಮರುದಿನ ಚೀಲ ಇಲ್ಲ. ಮಾಲಕರ ಹುಕುಂ ಐತಿ."

ಮಾಲಕರು ಯಾರೆಂದು ಶ್ರೀದೇವಿ ಕೇಳಬೇಕಾಗಿರಲಿಲ್ಲ. ಕರಬಸಪ್ಪ ತೀರಿಕೊಂಡ ಮೇಲೆ ಅಂಗಡಿ ನೋಡಿಕೊಳ್ಳುತ್ತಿದ್ದವನು ಅವಳ ತಮ್ಮ ಶಶಿಕಾಂತ. ಚಿಕ್ಕಂದಿನಲ್ಲಿ ಅಪ್ಪನೂ ಕಾಯಿ ಬಿಡಿಸುವ ಹೆಂಗಸರಿಗೆ ಬಾಗಿಲು ಹಾಕಿರೆಂದು ಕೂಗುತ್ತಿದ್ದದ್ದು ಅವಳ ಕಿವಿಯಲ್ಲಿ ಕೇಳಿತು. ಅದನ್ನು ಕೇಳುತ್ತಲೇ ಬೆಳೆದು, ಮನೆಯ ಗಾಳಿ ಬೆಳಕಿನ ಮೇಲೆ ಡಾಕ್ಟರೇಟು ಮಾಡಿ, ಕಡೆಗೆ ಈ ಬಡವಿಯ ಮೇಲೆ ಹಾರಾಡಿದ್ದಳು. ಅವಳ ಸಿಟ್ಟು ತಣ್ಣಗಾಗಲಿಲ್ಲ, ದಿಕ್ಕು ಬದಲಿಸಿತು. ಚಮನಬಿಯ ಮುಂದೆ ಕುಕ್ಕರಿಸಿ ಕೂತು, ತಪ್ಪಾಯಿತು ಎಂದು ಅವಳ ಬೆನ್ನು ಸವರಿ, ಎದ್ದು ಮಾರುಕಟ್ಟೆಯ ಕಡೆ ನಡೆದಳು.

ಶಶಿಕಾಂತ ಕೆಟ್ಟವನಲ್ಲ. ಅದೇ ತೊಂದರೆ. ಕೆಟ್ಟವನಾಗಿದ್ದರೆ ಬೈದು ಮುಗಿಸಬಹುದಿತ್ತು. ಅಕ್ಕ ಬಂದಳೆಂದು ಗಾದಿಯಿಂದ ಎದ್ದು ಚಹ ತರಿಸಿದ. ಅವಳು ಹೇಳಿದ್ದನ್ನೆಲ್ಲ ಕೇಳಿ ಲೊಚಗುಟ್ಟಿದ. ಆಮೇಲೆ ತನ್ನ ಕಷ್ಟ ಹೇಳಿದ. ಗಿರಾಕಿಗೆ ಇಡೀ ಕಾಯಿ ಬೇಕು, ಮುರಿದದ್ದನ್ನು ಕೈಯಲ್ಲಿ ಹಿಡಿಯುವುದಿಲ್ಲ, ತಾನೊಬ್ಬ ಬಿಟ್ಟರೆ ಪಕ್ಕದ ಅಂಗಡಿಯವನು ಬಿಡುತ್ತಾನೆಯೇ? ಆ ಹೆಂಗಸರೇನು ಹೊಸಬರಲ್ಲ, ಅವರಿಗೆ ರೂಢಿಯಾಗಿದೆ.

"ನಿನ್ನ ಯೂನಿವರ್ಸಿಟಿ ಬ್ಯಾರೆ, ಬಜಾರ ಬ್ಯಾರೆ ಅಕ್ಕಾ," ಎಂದ. "ನೀ ಮನಿ ರಿಪೇರಿ ಮಾಡು. ಧಂಧೆ ರಿಪೇರಿ ಮಾಡಾಕ ಹೋಗಬ್ಯಾಡ."

ರೂಢಿಯಾಗಿದೆ ಎಂಬ ಮಾತು ಕೇಳಿದ್ದೇ ಅವಳು ಚಹದ ಕಪ್ಪನ್ನು ತಮ್ಮನ ಕಡೆಗೇ ಸರಿಸಿದಳು.  ಎದ್ದು ಹೊರಡುವಾಗ ಶಶಿಕಾಂತ ಸಮಾಧಾನಕ್ಕೆಂದು ಮನೆಯ ಮಾತು ತೆಗೆದ. ಅಪ್ಪ ಕಟ್ಟಿಸಿದ ಹಳೆಯ ಮನೆಯನ್ನು ಅವನು ಒಡೆಸಿ ತಿದ್ದಿಸಿದ್ದ. ನಕ್ಷೆ ಹಾಕಿಕೊಟ್ಟವಳು ಶ್ರೀದೇವಿಯೇ, ಮನೆಯಲ್ಲೇ ಇಂಥ ಪಂಡಿತೆ ಇರುವಾಗ ಬೇರೆಯವರೇಕೆ? ಎರಡು ಗೋಡೆಗೂ ಸಾಲು ಕಿಟಕಿ, ಅವೂ ತಗ್ಗಿನಲ್ಲಿ, ತೂಗುಮಣೆಯ ಮೇಲೆ ಕೂತ ಅವ್ವ ಸಿದ್ದವ್ವನ ಮುಖಕ್ಕೆ ನೇರ ಗಾಳಿ ಬಡಿಯುವಂತೆ. ಬಂದವರೆಲ್ಲ ಪಡಸಾಲೆ ಹೊಗಳುತ್ತಾರೆ, ನಿನಗೆ ಇನ್ನೂ ಉಡುಗೊರೆ ಕೊಟ್ಟಿಲ್ಲ, ಎಂಥ ಸೀರೆ ತರಲಿ ಎಂದು ಅವನು ಕೇಳಿದ.

ಶ್ರೀದೇವಿ ಬಾಗಿಲಲ್ಲೇ ನಿಂತಳು. "ಸೀರಿ ಬ್ಯಾಡ. ಒಂದ ದಿವಸ ಆ ಪಡಸಾಲಿ ಬೇಕು. ತರಬೇತಿ ಮಾಡೋದೈತಿ."

ಶಶಿಕಾಂತನಿಗೆ ಜೀವಕ್ಕೆ ಹಾಯೆನಿಸಿತು. ಯೂನಿವರ್ಸಿಟಿಯವರು ತನ್ನ ಮನೆ ನೋಡಲು ಬರುತ್ತಾರೆಂದುಕೊಂಡು, ಊಟದ ವ್ಯವಸ್ಥೆಯನ್ನೂ ಮಾಡಿಸುತ್ತೇನೆ ಎಂದ.

ಗೊತ್ತು ಮಾಡಿದ ದಿನ ಬೆಳಗ್ಗೆ ಕೈಗಾಡಿ ಓಣಿಗೆ ಹೊರಟಾಗ ಶ್ರೀದೇವಿ ಅದನ್ನು ದಾರಿಯಲ್ಲೇ ತಡೆದು ತಿರುಗಿಸಿದಳು. ಇಂದಿನ ಚೀಲಗಳೆಲ್ಲ ಮನೆಗೆ, ತರಬೇತಿ ಅಲ್ಲೇ. ಫಕ್ಕೀರೇಶ ತಬ್ಬಿಬ್ಬಾದ, ಆದರೆ ಮಾಲಕರ ಅಕ್ಕನಿಗೆ ಇಲ್ಲವೆನ್ನುವುದು ಹೇಗೆ? ಹಿಂದೆಯೇ ಓಣಿಯ ಹೆಂಗಸರು ಬಂದರು. ಮುಂದೆ ಗದಿಗೆವ್ವ, ಅವಳ ಹಿಂದೆ ಮುಮ್ತಾಜಬಿ, ಕೊನೆಗೆ ಗೋಡೆ ಹಿಡಿದು ನಿಂತು ನಿಂತು ಬಂದ ಚಮನಬಿ. ಚಮನಬಿಗೆ ಬರಬೇಡವೆಂದು ಶ್ರೀದೇವಿ ಹೇಳಿಕಳಿಸಿದ್ದಳು. ಒಂದು ದಿನ ತಪ್ಪಿದರೆ ಮರುದಿನ ಚೀಲ ತಪ್ಪೀತೆಂದು ಅವಳು ಬಂದೇ ಬಂದಳು. ಎಲ್ಲರೂ ಹೊಳೆಯುವ ನೆಲದ ಮೇಲೆ ಕಾಲಿಡಲು ಅಂಜಿ ಹೊಸ್ತಿಲಲ್ಲೇ ನಿಂತರು. ಶ್ರೀದೇವಿ ಒಬ್ಬೊಬ್ಬರನ್ನೇ ಕೈಹಿಡಿದು ಒಳಗೆ ಕೂರಿಸಿದಳು. ಪಡಸಾಲೆಯ ನಡುವೆ ಕಾಯಿ ಸುರಿದರು. ಕೆಂಪು ರಾಶಿ ತೂಗುಮಣೆಯ ಬುಡದವರೆಗೆ ಬಂತು.

ಆಮೇಲೆ ಅವಳು ತಾನೇ ಇಡಿಸಿದ ಕಿಟಕಿಗಳನ್ನು ತಾನೇ ಒಂದೊಂದಾಗಿ ಮುಚ್ಚಿದಳು. ಸಂದಿಗಳಿಗೆ ಒದ್ದೆ ಗೋಣಿತಾಟು ತುರುಕಿದಳು. ಮುಂಬಾಗಿಲು ಹಾಕಿದಳು. ಮನೆಯ ಸೊಸೆ, ಶಶಿಕಾಂತನ ಹೆಂಡತಿ, ಮೂಗು ಮುಚ್ಚಿಕೊಂಡು ಮಹಡಿ ಹತ್ತಿದಳು. ಅವ್ವನಿಗೂ ಮೇಲೆ ಹೋಗೆಂದು ಶ್ರೀದೇವಿ ಎರಡೆರಡು ಸಲ ಹೇಳಿದಳು. ಸಿದ್ದವ್ವ ತೂಗುಮಣೆ ಬಿಟ್ಟು ಏಳುವವಳೇ? ಕಾಯಿಯ ವಾಸನೆಯಿಂದಲೇ ಈ ಮನೆ ಎದ್ದದ್ದು, ತನಗೇನು ಅದು ಹೊಸದೇ ಎಂದು ಜಂಬದಿಂದ ಕಾಲು ಅಲ್ಲಾಡಿಸುತ್ತ ಕೂತಳು. ಆದರೆ ಸಿದ್ದವ್ವ ಕಂಡ ಕಾಯಿ ಅಂಗಳದಲ್ಲಿ ಬಿಸಿಲಿಗೆ ಹರವಿದ ಕಾಯಿ. ಮುಚ್ಚಿದ ಕೋಣೆಯ ಕಾಯಿಯನ್ನು ಯಜಮಾನಿಯಾದವಳು ಎಂದೂ ಕಂಡಿರಲಿಲ್ಲ.

ಹೆಂಗಸರ ಕೈ ಓಡತೊಡಗಿತು. ಮೊದಲು ಸೀನು, ಆಮೇಲೆ ಕಣ್ಣುರಿ, ಆಮೇಲೆ ಗಂಟಲೊಳಗೆ ಕೆಂಡ. ಶ್ರೀದೇವಿ ಅವರ ಸಾಲಿನಲ್ಲೇ ಕೂತು ತುಂಬು ತೆಗೆಯುತ್ತಿದ್ದಳು. ಬೆರಳು ಉರಿಯಿತು, ಕಣ್ಣೊರೆಸಿಕೊಂಡರೆ ಕಣ್ಣೂ ಉರಿಯಿತು. ಅಧ್ಯಕ್ಷರ ಕರವಸ್ತ್ರ ನೆನಪಾಗಿ ಹಲ್ಲು ಕಡಿದಳು. ತೂಗುಮಣೆಯ ಜಂಬ ಹೆಚ್ಚು ಹೊತ್ತು ಉಳಿಯಲಿಲ್ಲ. ಸಿದ್ದವ್ವನಿಗೆ ಕೆಮ್ಮು ಶುರುವಾಯಿತು, ನಿಲ್ಲಲಿಲ್ಲ.

ಮಹಡಿಯಿಂದ ಸೊಸೆ ಫೋನು ಮಾಡಿದ್ದಳೆಂದು ಕಾಣುತ್ತದೆ, ಶಶಿಕಾಂತ ಓಡಿಬಂದ. ಯೂನಿವರ್ಸಿಟಿಯವರೆಲ್ಲಿ ಎಂದು ಬಾಯಿ ತೆರೆದವನಿಗೆ ಸೀನು ಬಂತು. ಶ್ರೀದೇವಿ ತಲೆಯೆತ್ತದೆ, ಬಾಗಿಲು ಹಾಕಿಕೊಂಡು ಒಳಗೆ ಬಾ, ಗಾಳಿ ಬರುತ್ತದೆ ಎಂದಳು. ಅವನು ಅಭ್ಯಾಸಬಲದಿಂದ ಬಾಗಿಲು ಹಾಕಿಯೇಬಿಟ್ಟ. ಹಿಂದೆ ಬಂದ ಫಕ್ಕೀರೇಶನೂ ಒಳಗೇ ಸಿಕ್ಕಿಕೊಂಡ.

"ತಮಾಷಿ ಸಾಕು ಅಕ್ಕಾ. ಅವ್ವನ ಮುಖ ನೋಡು," ಎಂದ ಶಶಿಕಾಂತ.

"ನೋಡಾಕತ್ತೇನಿ. ಇಲ್ಲೆ ಇಷ್ಟ ಮುಖ ಅದಾವು, ಅವನ್ನೂ ನೋಡು."

ಅವನು ನೋಡಲಿಲ್ಲ. ನೋಡಿದವಳು ಸಿದ್ದವ್ವ. ತೂಗುಮಣೆಯ ಬುಡದಲ್ಲಿ ಚಮನಬಿ ಕೂತಿದ್ದಳು. ಅವ್ವ ಒಮ್ಮೆ ಕೆಮ್ಮಿದರೆ ಅವಳು ಒಮ್ಮೆ. ಅವ್ವನ ಕೆಮ್ಮು ಮುಗಿದರೂ ಅವಳದು ಮುಗಿಯುತ್ತಿರಲಿಲ್ಲ, ಆದರೂ ಕೈ ಮಾತ್ರ ತುಂಬು ಬಿಡಿಸುತ್ತಲೇ ಇತ್ತು. ಸಿದ್ದವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿದಳು.

"ನೀ ದಿನಾ ಹಿಂಗ ಕೆಮ್ಮತೀಯೇನವಾ?"

"ದಿನಾ ರೀ ಅವ್ವಾರ," ಎಂದಳು ಚಮನಬಿ. ಉಸಿರೆಳೆದುಕೊಂಡು ಉಳಿದದ್ದನ್ನು ಹೇಳಿದಳು. "ಮಳಿಗಾಲದಾಗ ಕಾಯಿ ಇರಂಗಿಲ್ರಿ. ಆವಾಗ ಒಂಚೂರು ಮಲಗತೇನಿ."

ಸಿದ್ದವ್ವ ಕಾಲೂರಿ ತೂಗುಮಣೆ ನಿಲ್ಲಿಸಿದಳು. ಆಮೇಲೆ ಕಿಟಕಿ ತೆಗೆಯಿರಿ ಎಂದಳು. ಯಾರೂ ಏಳಲಿಲ್ಲ. ಹೆಂಗಸರು ಫಕ್ಕೀರೇಶನ ಮುಖ ನೋಡಿದರು. ಫಕ್ಕೀರೇಶ ಮಾಲಕನ ಮುಖ ನೋಡಿದ. ಶಶಿಕಾಂತನ ಕಣ್ಣು ಮೂಗು ಎರಡೂ ಹರಿಯುತ್ತಿದ್ದವು. ಆದರೂ, ಆ ಸ್ಥಿತಿಯಲ್ಲೂ, ಅವನ ಬಾಯಿಂದ ಹೊರಟದ್ದು ಒಂದೇ ಮಾತು.

"ಗಾಳಿ ಬಡದ್ರ ಕಾಯಿ ಮುರೀತಾವು ಅವ್ವಾ."

ಹೇಳಿದ ಮೇಲೆ ತಾನು ಹೇಳಿದ್ದು ಅವನಿಗೇ ಕೇಳಿಸಿತು. ತೂಗುಮಣೆಯ ಬುಡದಲ್ಲಿ ಚಮನಬಿಯ ಉಸಿರು ಸಿಳ್ಳು ಹೊಡೆಯುತ್ತಿತ್ತು.

"ಮುರೀಲಿ," ಎಂದಳು ಸಿದ್ದವ್ವ.

ಮೊದಲು ಎದ್ದವಳು ಗದಿಗೆವ್ವ. ಒಂದು ಗೋಣಿತಾಟು ಕಿತ್ತಳು, ಮುಮ್ತಾಜಬಿ ಇನ್ನೊಂದನ್ನು. ಗಾಳಿ ಪಡಸಾಲೆಯ ಈ ಕಡೆಯಿಂದ ನುಗ್ಗಿ ಆ ಕಡೆ ಹೋಯಿತು, ನಕ್ಷೆಯಲ್ಲಿ ಬರೆದ ಹಾಗೆಯೇ. ಶಶಿಕಾಂತ ಯಾರ ಜೊತೆಗೂ ಮಾತಾಡದೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡ. ತಾನು ತರಿಸಿಟ್ಟಿದ್ದ ಊಟವನ್ನು ಹೆಂಗಸರಿಗೆ ಬಡಿಸಿರೆಂದು ಒಳಗಿನಿಂದಲೇ ಹೇಳಿದ. ಅಕ್ಕನ ಜೊತೆ ಮಾತ್ರ ಯುಗಾದಿಯವರೆಗೆ ಮಾತು ಬಿಟ್ಟ.

ಅವ್ವನ ಹುಕುಂ ಎಂದು ಹೇಳಿಕೊಂಡು ಅವನು ಬಜಾರದಲ್ಲಿ ಮರ್ಯಾದೆ ಉಳಿಸಿಕೊಂಡ. ಆ ಓಣಿಯಿಂದ ಬಂದ ಮುರಿದ ಕಾಯಿಯನ್ನು ಬೇರೆ ಮಾಡಿ ಖಾರದಪುಡಿಯ ಗಿರಣಿಗೆ ಹಾಕತೊಡಗಿದರು. ಅಂಗಡಿಯೇನೂ ಮುಳುಗಲಿಲ್ಲ. ಇಷ್ಟು ಸುಲಭಕ್ಕೆ ಆಗುವಂಥದ್ದನ್ನು ಇಷ್ಟು ವರ್ಷ ಯಾರೂ ಮಾಡಿರಲಿಲ್ಲವಲ್ಲ ಎಂದು ನೆನೆದಾಗಲೆಲ್ಲ ಶ್ರೀದೇವಿಗೆ ಗೆದ್ದ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು. ಪಕ್ಕದ ಓಣಿಗೆ ಬೇರೆ ಅಂಗಡಿಯವರ ಚೀಲ ಹೋಗುತ್ತಿದ್ದವು. ಅಲ್ಲಿ ಯೋಜನೆ ಇಡಿಸಿದ ಕಿಟಕಿಗಳೆಲ್ಲ ಮೊದಲಿನಂತೆಯೇ ಮುಚ್ಚಿದ್ದವು.

ಮಾರ್ಚಿನಲ್ಲಿ ಸಮಿತಿ ಮತ್ತೆ ಬಂತು. ಚಮನಬಿ ಹಾಸಿಗೆಯನ್ನು ಕಿಟಕಿಯ ಕೆಳಗೆ ಎಳೆದುಕೊಂಡಿದ್ದಳು. ದಮ್ಮು ಹೋಗಿರಲಿಲ್ಲ, ಆದರೆ ರಾತ್ರಿ ಮಲಗುತ್ತಿದ್ದಳು. ಕಿಟಕಿಯಿಂದ ಕಿತ್ತ ಗೋಣಿತಾಟನ್ನು ಒಗೆದು ಹೊಸ್ತಿಲ ಮುಂದೆ ಹಾಸಿದ್ದಳು. ಅಧ್ಯಕ್ಷರು ಅದರ ಮೇಲೆ ಬೂಟು ಒರೆಸಿಕೊಂಡು ಒಳಗೆ ಬಂದರು. ಎರಡೂ ಕಿಟಕಿ ತೆರೆದಿದ್ದನ್ನು ಕಂಡು ಬಹಳ ಖುಷಿಪಟ್ಟರು. ಫಲಾನುಭವಿಗಳಲ್ಲಿ ಜಾಗೃತಿ ಮೂಡಿದೆ ಎಂದು ಅಲ್ಲೇ ಬರೆಸಿ, ಯಾವ ವಿಧಾನದ ತರಬೇತಿ ಕೊಟ್ಟಿರಿ, ಬೇರೆ ಕಡೆಗೂ ಬಳಸಬಹುದಲ್ಲ ಎಂದು ಶ್ರೀದೇವಿಯನ್ನು ಕೇಳಿದರು.

ಜಾಗೃತಿ ಎಂಬ ಮಾತು ಕೇಳಿ ಶ್ರೀದೇವಿಯ ತಲೆ ಬಿಸಿಯಾಯಿತು. ಚಮನಬಿಗೆ ಅಜ್ಞಾನ ಯಾವಾಗ ಇತ್ತು, ಜಾಗೃತಿ ಯಾವಾಗ ಬಂತು? ತೆರೆದ ಕಿಟಕಿಯಿಂದ ಪಕ್ಕದ ಓಣಿಯ ಮುಚ್ಚಿದ ಕಿಟಕಿಗಳ ಸಾಲು ಕಾಣುತ್ತಿತ್ತು. ಅಲ್ಲಿಂದಲೂ ಕೆಮ್ಮು ಕೇಳಿಬರುತ್ತಿತ್ತು. ಅವಳು ಅದನ್ನೊಮ್ಮೆ ನೋಡಿ ಅಧ್ಯಕ್ಷರ ಕಡೆ ತಿರುಗಿದಳು.

"ಧಾರವಾಡದಾಗ ನಿಮ್ಮ ಮನಿ ಪಡಸಾಲಿ ಎಷ್ಟ ದೊಡ್ಡದೈತ್ರಿ, ಸರ್?"

ಅಧ್ಯಕ್ಷರಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಸಾಕಷ್ಟು ದೊಡ್ಡದಿದೆ, ಆ ಕಡೆ ಬಂದಾಗ ಒಮ್ಮೆ ಖಂಡಿತ ಬನ್ನಿ ಎಂದು ನಕ್ಕರು.

"ಬರತೇನ್ರಿ," ಎಂದಳು ಶ್ರೀದೇವಿ. "ನಾ ಒಬ್ಬಾಕಿ ಬರೂದಿಲ್ಲ."